ಮುಚ್ಚಳಿಕೆ

ನ್ಯಾಯಾಲಯದ ಮೆಟ್ಟಿಲಿಳಿದ ತರುಣನಿಗೆ ತಾನು ಪಾರಾದೆನೆಂಬುದೊಂದೇ ಭಾವ. ಮೊದಲ ತಪ್ಪೆಂದು ನ್ಯಾಯಾಧೀಶರು ಕರುಣೆ ತೋರಿದ್ದಾರೆ. ತಂದೆಯ ಹಳೆಯ ಸ್ನೇಹಿತರು ಜಾಮೀನು ನಿಂತಿದ್ದಾರೆ. ಸನ್ನಡತೆಯ ಮುಚ್ಚಳಿಕೆ ಬರೆದುಕೊಟ್ಟಾಗಿದೆ. ಇನ್ನು ಕಾಲಕಾಲಕ್ಕೆ ಪ್ರೊಬೇಷನ್ ಅಧಿಕಾರಿಗೆ ಮುಖ ತೋರಿಸಬೇಕು, ಅಷ್ಟೆ. ಎರಡು ತಿಂಗಳು ತೋರಿಸುತ್ತಾನೆ. ಮೂರನೆಯ ತಿಂಗಳು ಪರವೂರಿನಲ್ಲಿ ಕೆಲಸ ಸಿಕ್ಕುತ್ತದೆ, ಮುಚ್ಚಳಿಕೆ ಮರೆತುಹೋಗುತ್ತದೆ.

ಅವನು ಮರೆತರೂ 1958ರ ಪ್ರೊಬೇಷನ್ ಕಾಯಿದೆ ಮರೆಯದು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ. ಅಷ್ಟು ಕಾಲ ಶಿಕ್ಷೆ ರದ್ದಾಗಿರುವುದಿಲ್ಲ, ವಿಧಿಸದೆ ತಡೆದಿರುತ್ತದೆ. ಷರತ್ತು ಮುರಿದನೆಂದು ವರದಿ ಬಂದರೆ, 9ನೆಯ ಪ್ರಕರಣದಂತೆ ಅವನ ಮೇಲೆ ವಾರಂಟು ಹೊರಡಬಹುದು. ಇಲ್ಲವೆ ಅವನಿಗೂ ಜಾಮೀನುದಾರನಿಗೂ ಸಮನ್ಸು. ಮೊದಲ ಸಲದ ತಪ್ಪು 50 ರೂಪಾಯಿಯೊಳಗಿನ ದಂಡದಲ್ಲಿ ಮುಗಿಯಲೂಬಹುದು. ಮೂಲ ಅಪರಾಧಕ್ಕೇ ಶಿಕ್ಷೆಯಾಗಲೂಬಹುದು. ಹಾಗಾದಲ್ಲಿ, ಕಳಂಕದಿಂದ ಬರುವ ಅನರ್ಹತೆಗಳ ವಿರುದ್ಧ 12ನೆಯ ಪ್ರಕರಣ ಹಿಡಿದಿದ್ದ ಕೊಡೆಯೂ ಮಡಚಿಕೊಳ್ಳುತ್ತದೆ.

ವರ್ಷಗಳು ಉರುಳುತ್ತವೆ. ತರುಣ ಗೃಹಸ್ಥನಾಗುತ್ತಾನೆ. ಮಡದಿಗೆ ಈ ಸಂಗತಿ ತಿಳಿಯದು. ಬಾಗಿಲು ತಟ್ಟಿದವನು ಅಂಚೆಯವನೇ ಆದರೂ ಇವನ ಎದೆ ನಡುಗುತ್ತದೆ. ಸೆರೆಯಲ್ಲಿರುವವನಿಗೆ ಬಿಡುಗಡೆಯ ದಿನವಾದರೂ ಗೊತ್ತು. ಇವನಿಗೆ ಅದೂ ಇಲ್ಲ.

ಹಿಡಿತಂದವನಿಗೂ ತಾನಾಗಿ ಬಂದು ನಿಂತವನಿಗೂ ಇರುವ ಅಂತರವನ್ನು ನ್ಯಾಯಪೀಠ ಬಲ್ಲದು. ಒಬ್ಬ ವಕೀಲರನ್ನು ಕಂಡು ಅವನು ಆ ಮೆಟ್ಟಿಲನ್ನು ಮತ್ತೆ ಹತ್ತಬಹುದು. ಆದರೆ ಅವನನ್ನು ನಂಬಿ ಸಹಿ ಹಾಕಿದ ಆ ಹಿರಿಯರ ಜಗಲಿಯನ್ನು ಹತ್ತುವ ಬಗೆ ಯಾವ ಕಾಯಿದೆಯಲ್ಲಿಯೂ ಬರೆದಿಲ್ಲ.