ಅಪರಿಚಿತವೆಲ್ಲ ನಿಷಿದ್ಧವಲ್ಲ

ಮೊದಲ ಬಾರಿಗೆ ದಕ್ಷಿಣ ಕೊರಿಯಾಕ್ಕೆ ಹೊರಟು ನಿಂತಾಗ ಬಂಧುಗಳಿಂದ ನಮಗೆ ಎರಡು ಬಗೆಯ ಸಲಹೆಗಳು ಬಂದವು. ಅಲ್ಲಿ ಮುಸ್ಲಿಮನಿಗೆ ತಿನ್ನಲು ಏನೂ ಸಿಗದು, ಅವಲಕ್ಕಿ, ಚಟ್ನಿಪುಡಿ, ಬಿಸ್ಕತ್ತು ಕಟ್ಟಿಕೊಂಡು ಹೋಗಿ ಎಂದರು ಕೆಲವರು. ಪ್ರಯಾಣದಲ್ಲಿ ಅಷ್ಟೆಲ್ಲ ಚಿಕಿತ್ಸಕ ಬುದ್ಧಿ ಬೇಡ, ಬಿಸ್ಮಿ ಹೇಳಿ ಸಿಕ್ಕಿದ್ದನ್ನು ತಿನ್ನಿ ಎಂದರು ಇನ್ನು ಕೆಲವರು. ಇವೆರಡೂ ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಒಂದೇ. ಎರಡೂ ನಮ್ಮನ್ನು ತಿಳಿಯುವ ಶ್ರಮದಿಂದ ಪಾರು ಮಾಡುತ್ತವೆ. ಎಲ್ಲವನ್ನೂ ಬಿಟ್ಟವನು ಏನನ್ನೂ ವಿಚಾರಿಸಬೇಕಿಲ್ಲ. ಎಲ್ಲವನ್ನೂ ತಿಂದವನೂ ವಿಚಾರಿಸಬೇಕಿಲ್ಲ.

ನಮಗಾದರೋ ವಿಚಾರಿಸದೆ ಗತ್ಯಂತರವಿರಲಿಲ್ಲ. ಉನ್ನತ ವ್ಯಾಸಂಗಕ್ಕಾಗಿ ಮಗನು ಆ ದೇಶದಲ್ಲಿ ಹಲವು ವರ್ಷ ಕಳೆಯಬೇಕಿತ್ತು. ನಾವು ಎರಡು ವಾರಗಳ ಅತಿಥಿಗಳು. ಬ್ಯಾಗಿನಲ್ಲಿದ್ದ ಅವಲಕ್ಕಿ ನಮಗೆ ಸಾಕಾದೀತು. ಅವನಿಗೆ ಸಾಲದು. ಅವನು ಅಲ್ಲಿನ ಅನ್ನದೊಂದಿಗೆ, ಅಲ್ಲಿನ ಜನರೊಂದಿಗೆ ಬಾಳಬೇಕು. ತನ್ನ ದೀನ್‌ನೊಂದಿಗೂ ಬಾಳಬೇಕು.

ಪವಿತ್ರ ಕುರ್‌ಆನ್ ಆಹಾರದ ವಿಷಯದಲ್ಲಿ ಮೊದಲು ತೆರೆಯುವುದು ಅನುಮತಿಯ ಬಾಗಿಲನ್ನು. ಅಲ್‌ಬಕರ ಅಧ್ಯಾಯದ 168ನೇ ವಚನದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳನ್ನು ಮಾತ್ರವಲ್ಲ, ಸಮಸ್ತ ಮಾನವರನ್ನು ಸಂಬೋಧಿಸಿ, ಭೂಮಿಯಲ್ಲಿರುವ ಧರ್ಮಸಮ್ಮತವೂ ಶುದ್ಧವೂ ಆದುದನ್ನು ಉಣ್ಣಲು ಕರೆಯುತ್ತಾನೆ. ನಿಷೇಧದ ಪಟ್ಟಿ ಅದರ ನಂತರ, 173ನೇ ವಚನದಲ್ಲಿ ಬರುತ್ತದೆ: ಶವ, ರಕ್ತ, ಹಂದಿಮಾಂಸ ಮತ್ತು ಅಲ್ಲಾಹೇತರರ ಹೆಸರಿನಲ್ಲಿ ಅರ್ಪಿಸಲಾದುದು. ಮದ್ಯದ ನಿಷೇಧ ಅಲ್‌ಮಾಇದ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದ 96ನೇ ವಚನ ಸಮುದ್ರದ ಆಹಾರವನ್ನು ಅನುಮತಿಸುತ್ತದೆ, ಅದನ್ನು ಪ್ರಯಾಣಿಕರಿಗೆ ಒದಗಣೆಯೆಂದೂ ಹೇಳುತ್ತದೆ. ಪಟ್ಟಿ ಚಿಕ್ಕದು, ಭೂಮಿ ದೊಡ್ಡದು.

ಆ ಪಟ್ಟಿಯನ್ನು ಹಿಡಿದು ಕೊರಿಯಾದ ಊಟದ ಮೇಜನ್ನು ನೋಡಿದರೆ ಏನು ಕಾಣುತ್ತದೆ? ಹಂದಿಮಾಂಸದ ಬಳಕೆ ಅಲ್ಲಿ ಧಾರಾಳ. ಸುನ್‌ದೆ ಎಂಬ ಜನಪ್ರಿಯ ತಿನಿಸಿನಲ್ಲಿ ಹಂದಿಯ ಕರುಳು, ರಕ್ತ ಎರಡೂ ಇರುತ್ತವೆ. ಸೊಜು ಎಂಬ ಮದ್ಯ ಊಟದ ಒಡನಾಡಿ. ಸಾಮಾನ್ಯ ಅಂಗಡಿಯ ದನದ ಅಥವಾ ಕೋಳಿಯ ಮಾಂಸ ನಮ್ಮ ವಿಧಿಯಂತೆ ದ್ಸಬಹ್ ಆದದ್ದಲ್ಲ. ಇಷ್ಟು ಸ್ಪಷ್ಟ. ಆದರೆ ಆ ನಾಡಿನ ಸಾಂಪ್ರದಾಯಿಕ ಊಟದ ಬುನಾದಿ ಬೇರೆಯೇ: ಅನ್ನ, ಸೋಯಾ ಅವರೆ, ಸೊಪ್ಪು, ಮೂಲಂಗಿ, ಎಲೆಕೋಸು, ಅಣಬೆ, ಮೀನು, ಸಮುದ್ರದ ಪಾಚಿ. ನಮ್ಮ ಕರಾವಳಿಯಂತೆಯೇ ಅದೂ ಅನ್ನ ಮತ್ತು ಕಡಲಿನ ನಾಡು.

ಸಿಯೋಲ್ ನಗರದ ಇಟೆವಾನ್ ಪ್ರದೇಶದಲ್ಲಿ, ಗುಡ್ಡದ ಮೇಲೆ, ಕೇಂದ್ರ ಮಸೀದಿ ಇದೆ. 1950ರಲ್ಲಿ ಆರಂಭವಾದ ಕೊರಿಯಾ ಯುದ್ಧಕ್ಕೆ ಬಂದಿದ್ದ ತುರ್ಕಿಯ ಸೇನೆಯೊಂದಿಗಿದ್ದ ಇಮಾಮರ ಮೂಲಕ ಕೆಲವು ಕೊರಿಯನ್ನರು ಇಸ್ಲಾಮನ್ನು ಅರಿತರು. ಮುಂದೆ ಅಲ್ಲಿನ ಸರಕಾರ ಭೂಮಿ ಕೊಟ್ಟಿತು, ಮುಸ್ಲಿಮ್ ರಾಷ್ಟ್ರಗಳು ಹಣ ನೀಡಿದವು, 1976ರಲ್ಲಿ ಮಸೀದಿಯ ಬಾಗಿಲು ತೆರೆಯಿತು. ಅದರ ಸುತ್ತಲಿನ ಇಳಿಜಾರು ಬೀದಿಗಳಲ್ಲಿ ಹಲಾಲ್ ಊಟದ ಅಂಗಡಿಗಳಿವೆ. ಮುಸ್ಲಿಮ್ ಪ್ರವಾಸಿಗರಿಗಾಗಿ ಊಟದ ಮನೆಗಳನ್ನು ಹಲಾಲ್ ಪ್ರಮಾಣಪತ್ರವಿರುವವು, ಮಾಲಕರೇ ಹಲಾಲ್ ಎಂದು ಘೋಷಿಸಿಕೊಂಡವು, ಮುಸ್ಲಿಮ್ ಸ್ನೇಹಿ, ಹಂದಿಮಾಂಸರಹಿತ ಎಂದು ಕೊರಿಯಾದ ಪ್ರವಾಸೋದ್ಯಮ ಸಂಸ್ಥೆ ವಿಂಗಡಿಸಿದೆ. ಈ ನಾಲ್ಕು ಒಂದೇ ಅಲ್ಲ. ಹಂದಿಮಾಂಸವಿಲ್ಲ ಎಂದ ಮಾತ್ರಕ್ಕೆ ಅಲ್ಲಿನ ಕೋಳಿ ಹಲಾಲ್ ಆಗುವುದಿಲ್ಲ.

ಜುಹ್‌ರ್ ನಮಾಝ್ ಮುಗಿಸಿ ನಾವು ಆ ಬೀದಿಯಲ್ಲಿಯೇ ಮೊದಲ ಕೊರಿಯನ್ ಊಟಕ್ಕೆ ಕುಳಿತೆವು. ಅನ್ನ, ಸುಟ್ಟ ಬಂಗುಡೆ, ದ್ವೆನ್‌ಜಾಂಗ್ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸಾರು, ಸುತ್ತ ಏಳೆಂಟು ಪುಟ್ಟ ಬಟ್ಟಲುಗಳಲ್ಲಿ ಪಲ್ಯಗಳು, ಮತ್ತು ಕಿಮ್ಚಿ. ಉಪ್ಪು, ಬೆಳ್ಳುಳ್ಳಿ, ಮೆಣಸಿನಪುಡಿ ಬೆರೆಸಿ ಹುಳಿ ಬರಿಸಿದ ಎಲೆಕೋಸು ಅದು. ಸಾರಿನ ವಾಸನೆ ಮೂಗಿಗೆ ತಾಗಿದೊಡನೆ ನಮ್ಮ ಉಮ್ಮ ಕೈ ಹಿಂದೆಗೆದುಕೊಂಡರು. “ಮೋನೇ, ಇದು ಹರಾಮಾ?” ಎಂದು ಮೊಮ್ಮಗನನ್ನು ಮೆಲ್ಲನೆ ಕೇಳಿದರು.

ಆ ಪ್ರಶ್ನೆ ಹದೀಸ್ ಗ್ರಂಥಗಳಲ್ಲಿಯೂ ಇದೆ. ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿರುವಂತೆ, ಮೈಮೂನಾ(ರ)ರ ಮನೆಯಲ್ಲಿ ಪ್ರವಾದಿವರ್ಯರ(ಸ) ಮುಂದೆ ಸುಟ್ಟ ಉಡವನ್ನು ಇರಿಸಲಾಯಿತು. ಅದೇನೆಂದು ತಿಳಿದೊಡನೆ ಅವರು ಕೈ ಹಿಂದೆಗೆದುಕೊಂಡರು. ಅದು ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ತಮ್ಮ ಜನರ ನಾಡಿನಲ್ಲಿ ಅದು ಇಲ್ಲದ ಕಾರಣ ತಮಗೆ ಹಿಡಿಸುತ್ತಿಲ್ಲವೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಖಾಲಿದ್(ರ) ಅದನ್ನು ತಮ್ಮತ್ತ ಎಳೆದುಕೊಂಡು ತಿಂದರು. ಪ್ರವಾದಿವರ್ಯರು(ಸ) ನೋಡುತ್ತಿದ್ದರು, ತಡೆಯಲಿಲ್ಲ.

ಒಂದೇ ತಟ್ಟೆಯ ಮುಂದೆ ಒಬ್ಬರು ಉಣ್ಣಲಿಲ್ಲ, ಒಬ್ಬರು ಉಂಡರು, ಇಬ್ಬರೂ ಸರಿ. ‘ನನಗೆ ಹಿಡಿಸದು’ ಮತ್ತು ‘ಅಲ್ಲಾಹನು ನಿಷೇಧಿಸಿದ್ದಾನೆ’ ಎಂಬ ಎರಡು ಮಾತುಗಳ ನಡುವಿನ ಗೆರೆಯನ್ನು ಪ್ರವಾದಿವರ್ಯರು(ಸ) ಅಂದು ಎಷ್ಟು ಸ್ಪಷ್ಟವಾಗಿ ಎಳೆದರು! ತಮ್ಮ ಅಭಿರುಚಿಯನ್ನೂ ಅವರು ಧರ್ಮದ ಕಾನೂನಾಗಿಸಲಿಲ್ಲ. ಇದು ಹಲಾಲ್, ಅದು ಹರಾಮ್ ಎಂದು ನಾಲಗೆಗೆ ಬಂದಂತೆ ಹೇಳಿ ಅಲ್ಲಾಹನ ಮೇಲೆ ಸುಳ್ಳು ಹೊರಿಸಬಾರದೆಂದು ಅನ್ನಹ್ಲ್ ಅಧ್ಯಾಯದ 116ನೇ ವಚನ ಎಚ್ಚರಿಸುತ್ತದೆ. ಈ ಎಚ್ಚರಿಕೆ ಹರಾಮನ್ನು ಹಲಾಲ್ ಮಾಡುವವರಿಗೆ ಮಾತ್ರವಲ್ಲ, ಹಲಾಲನ್ನು ಹರಾಮ್ ಮಾಡುವವರಿಗೂ ಅನ್ವಯಿಸುತ್ತದೆ.

ಮಗನು ಈ ಹದೀಸನ್ನು ನೆನಪಿಸಿದಾಗ ಉಮ್ಮ ನಕ್ಕರು. ಸಾರನ್ನು ಅವರು ಕೊನೆಗೂ ಮುಟ್ಟಲಿಲ್ಲ, ಆದರೆ ಅದನ್ನು ದೂರಲೂ ಇಲ್ಲ. ಪ್ರವಾದಿವರ್ಯರು(ಸ) ಎಂದೂ ಆಹಾರವನ್ನು ಹಳಿಯುತ್ತಿರಲಿಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು. ಕಿಮ್ಚಿಯನ್ನು ಮಾತ್ರ ಉಮ್ಮ ಎರಡನೆಯ ಸಲವೂ ಹಾಕಿಸಿಕೊಂಡರು. ಅದರಲ್ಲಿ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಇದೆಯೆಂದು ತಿಳಿದಾಗ, ಮಳೆಗಾಲದ ಒಣಸಿಗಡಿ ಚಟ್ನಿ ಉಂಡು ಬೆಳೆದ ಅವರಿಗೆ ಅದರಲ್ಲಿ ಅಚ್ಚರಿ ಕಾಣಲಿಲ್ಲ. ಶಾಫಿಈ ಮದ್ಹಬ್‌ನ ನಮಗೆ ಸಿಗಡಿಯಲ್ಲಿ ತೊಡಕಿಲ್ಲ. ಹನಫಿ ವಿದ್ವಾಂಸರಲ್ಲಿ ಈ ಕುರಿತು ಭಿನ್ನಾಭಿಪ್ರಾಯವಿರುವುದರಿಂದ ಘಟ್ಟದ ಮೇಲಿನ ನಮ್ಮ ಬಂಧುಗಳು ಅಲ್ಲಿಗೆ ಹೋದರೆ ಈ ಒಂದು ವಿಷಯವನ್ನು ಮೊದಲೇ ವಿಚಾರಿಸುವುದು ಒಳಿತು.

ಹುದುಗಿದ್ದೆಲ್ಲ ಮದ್ಯವೆಂಬ ಅಂಜಿಕೆಯೂ ಕೆಲವರಲ್ಲಿದೆ. ನಮ್ಮ ಇಡ್ಲಿಯ ಹಿಟ್ಟೂ ಹುದುಗುತ್ತದೆ. ನಿಷೇಧವಿರುವುದು ಅಮಲಿಗೆ. ವಿನೆಗರನ್ನು ಪ್ರವಾದಿವರ್ಯರು(ಸ) ಒಳ್ಳೆಯ ವ್ಯಂಜನವೆಂದು ಮೆಚ್ಚಿದ್ದರು. ಆದರೆ ಕೊರಿಯಾದ ಕಾರ್ಖಾನೆಗಳಲ್ಲಿ ತಯಾರಾದ ಗೊಚುಜಾಂಗ್ ಎಂಬ ಮೆಣಸಿನ ಗೊಜ್ಜಿನ ಅನೇಕ ಡಬ್ಬಗಳಲ್ಲಿ, ಕೆಡದಿರಲೆಂದು ಆಲ್ಕೋಹಾಲ್ ಸೇರಿಸಿರುತ್ತಾರೆ. ಇಂತಹ ಅಲ್ಪಾಂಶದ ಬಗ್ಗೆ ವಿದ್ವಾಂಸರು ಚರ್ಚಿಸಿದ್ದಾರೆ. ಸಂದೇಹವಿರುವುದನ್ನು ಬಿಟ್ಟು ಸಂದೇಹವಿಲ್ಲದುದನ್ನು ಹಿಡಿಯಬೇಕೆಂಬ ಪ್ರವಾದಿ ಬೋಧನೆಯಂತೆ ನಾವು ಆ ಡಬ್ಬಗಳನ್ನು ಬಿಟ್ಟೆವು. ಹಂದಿಮಾಂಸಕ್ಕೆ ‘ದ್ವೇಜಿಗೋಗಿ’, ಮದ್ಯಕ್ಕೆ ‘ಸುಲ್’ ಎಂಬ ಎರಡು ಮಾತುಗಳನ್ನು ಮಗನು ನಮಗೆ ಬಾಯಿಪಾಠ ಮಾಡಿಸಿದ್ದನು.

ನಿಜವಾದ ಪರೀಕ್ಷೆ ಬಂದದ್ದು ಜೊಂಜು ಎಂಬ ಊರಿನಲ್ಲಿ. ಅನ್ನದ ಮೇಲೆ ಬಗೆಬಗೆಯ ತರಕಾರಿಗಳನ್ನು ಜೋಡಿಸಿ ಕಲಸಿ ಉಣ್ಣುವ ಬಿಬಿಂಬಾಪ್‌ಗೆ ಅದು ಹೆಸರಾದ ಊರು. ಮಗನ ಸಹಪಾಠಿಯ ಅಜ್ಜ ಅಜ್ಜಿ ನಮ್ಮನ್ನು ಮನೆಗೆ ಊಟಕ್ಕೆ ಕರೆದರು. ಹಿರಿಯರು ಸುರಿದುಕೊಟ್ಟ ಮದ್ಯವನ್ನು ನಿರಾಕರಿಸುವುದು ಆ ಸಮಾಜದಲ್ಲಿ ಸುಲಭವಲ್ಲ. ಹೋಗುವುದೇ ಬೇಡವೆಂದರೆ ಪ್ರೀತಿಯ ಕರೆಯನ್ನು ತಳ್ಳಿದಂತೆ. ಹೇಳದೆ ಹೋದರೆ ಅವರಿಗೂ ನಮಗೂ ಮುಜುಗರ. ಮಗನು ವಾರ ಮೊದಲೇ ಎಲ್ಲವನ್ನೂ ವಿನಯದಿಂದ ತಿಳಿಸಿದನು: ಮಾಂಸ ಬೇಡ, ಅಡುಗೆಯಲ್ಲೂ ಮೇಜಿನ ಮೇಲೂ ಮದ್ಯ ಬೇಡ.

ಹೋದಾಗ ನಾವು ಕಂಡದ್ದೇನು? ಆ ಅಜ್ಜಿ ನಮಗಾಗಿ ಹೊಸ ಬಾಣಲೆಯನ್ನು ಕೊಂಡಿದ್ದರು. ಹಂದಿಮಾಂಸ ಬೇಯಿಸಿದ ಪಾತ್ರೆ ಅತಿಥಿಗಳಿಗೆ ಆಗದೇನೋ ಎಂದು ಅವರಿಗೇ ತೋಚಿತ್ತಂತೆ. ಬೇರೆ ಪಾತ್ರೆ ಸಿಗದಿದ್ದರೆ ತೊಳೆದು ಬಳಸಲು ನಮಗೆ ಅನುಮತಿಯಿದೆ. ಆದರೆ ಅವರು ಆ ಅಗತ್ಯವನ್ನೂ ಉಳಿಸಲಿಲ್ಲ. ಮೊಳಕೆ ಬಂದ ಸೋಯಾ, ಪಾಲಕ್, ಕ್ಯಾರೆಟ್, ಅಣಬೆ, ಮೇಲೊಂದು ಮೊಟ್ಟೆ. ಗೊಚುಜಾಂಗನ್ನು ಡಬ್ಬದಿಂದಲ್ಲ, ಅಂಗಳದ ಮಣ್ಣಿನ ಜಾಡಿಯಿಂದ ತೆಗೆದರು. ತಾವೇ ಹುದುಗಿಸಿದ ಅದರಲ್ಲಿ ಏನೇನಿದೆಯೆಂದು ಬೆರಳು ಮಡಿಸಿ ಎಣಿಸಿ ಹೇಳಿದರು: ಮೆಣಸಿನಪುಡಿ, ಸೋಯಾ ಪುಡಿ, ಅಂಟಕ್ಕಿ, ಮೊಳಕೆ ಬಾರ್ಲಿ, ಉಪ್ಪು. ಇಂತಹ ಗೊಜ್ಜುಗಳನ್ನು ತಯಾರಿಸುವ ಅವರ ಪರಂಪರೆಯನ್ನು 2024ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಚಳಿಗಾಲಕ್ಕೆ ಮುನ್ನ ಮನೆಮಂದಿ, ನೆರೆಯವರು ಕೂಡಿ ಕಿಮ್ಚಿ ಹಾಕಿ ಹಂಚಿಕೊಳ್ಳುವ ಕಿಮ್‌ಜಾಂಗ್ ಎಂಬ ರೂಢಿ 2013ರಲ್ಲಿಯೇ ಸೇರಿತ್ತು. ಸಾರು ಮಾಡಿದಾಗ ನೀರು ಹೆಚ್ಚಿಸಿ ನೆರೆಯವರಿಗೂ ಕೊಡುವಂತೆ ಪ್ರವಾದಿವರ್ಯರು(ಸ) ಅಬೂಝರ್‌ರಿಗೆ(ರ) ಬೋಧಿಸಿದ್ದು ನಮಗೆ ನೆನಪಾಯಿತು.

ಅಜ್ಜ ಚಮಚ ಎತ್ತುವವರೆಗೆ ಕಿರಿಯರಾರೂ ಎತ್ತಲಿಲ್ಲ. ಅವರ ಮನೆಯವರು ಊಟಕ್ಕೆ ಮುನ್ನ ತಮ್ಮ ಭಾಷೆಯ ಕೃತಜ್ಞತೆಯ ಮಾತು ಹೇಳಿದರು. ನಾವು ಬಿಸ್ಮಿಲ್ಲಾಹ್ ಹೇಳಿದೆವು. ಕೊನೆಗೆ ಪಾತ್ರೆಯ ತಳಕ್ಕೆ ಹಿಡಿದ ಅನ್ನಕ್ಕೆ ಬಿಸಿನೀರು ಹಾಕಿ ಕುದಿಸಿದ ಸುಂಗ್ನ್ಯುಂಗ್ ಎಂಬ ತಿಳಿ ಬಂತು. ನಮ್ಮ ಗಂಜಿತಿಳಿಯ ತಂಗಿ ಅದು. ಒಂದು ಅಗುಳೂ ವ್ಯರ್ಥವಾಗದ ಆ ಕ್ರಮವನ್ನು ನೋಡಿ ಉಮ್ಮ ಬಹಳ ಸಂತೋಷಪಟ್ಟರು.

ಊಟದ ನಡುವೆ ಅಜ್ಜ ಮಗನನ್ನು ಕೇಳಿದರು: ತಂದೆತಾಯಿ ಊರಿಗೆ ಮರಳಿದ ಮೇಲೆ, ನೋಡುವವರು ಯಾರೂ ಇಲ್ಲದಾಗಲೂ ಹೀಗೆಯೇ ಇರುವೆಯಾ? ನೋಡುವವನು ಊರಿಗೆ ಮರಳುವುದಿಲ್ಲ, ಅಜ್ಜಾ, ಎಂದನು ಅವನು. ಸಹಪಾಠಿ ಅದನ್ನು ನಮಗೆ ಅನುವಾದಿಸಿ ಹೇಳಿದಾಗ ನಮ್ಮ ಕಣ್ಣು ತುಂಬಿತು. ನಮ್ಮ ಕಾವಲು ಎರಡು ವಾರದ್ದು. ತಕ್ವಾದ ಕಾವಲು ಮಾತ್ರ ಅವನೊಂದಿಗೆ ಉಳಿಯುತ್ತದೆ.

ನಮ್ಮ ಮಕ್ಕಳು ಇಂದು ವ್ಯಾಸಂಗಕ್ಕೆ, ದುಡಿಮೆಗೆ ದೂರದೂರದ ನಾಡುಗಳಿಗೆ ಹೋಗುತ್ತಿದ್ದಾರೆ. ಅಲ್ಲಿನದೆಲ್ಲ ಹರಾಮ್ ಎಂಬ ಭಯವನ್ನು ಕಟ್ಟಿಕೊಟ್ಟರೆ ಅವರು ಜನರಿಂದ ದೂರವಾಗುತ್ತಾರೆ. ಕೆಲವೊಮ್ಮೆ ಬೇಸತ್ತು, ಗೆರೆಯನ್ನೇ ಅಳಿಸಿಬಿಡುತ್ತಾರೆ. ಅಲ್ಲಾಹನು ಎಳೆದ ಗೆರೆ ಯಾವುದು, ನಮ್ಮ ನಾಲಗೆಯ ರೂಢಿ ಯಾವುದು ಎಂದು ಮನೆಯಲ್ಲಿಯೇ ಕಲಿಸೋಣ. ಮೊದಲನೆಯದರಲ್ಲಿ ಅಲುಗದಿರಲು, ಎರಡನೆಯದರಲ್ಲಿ ಉದಾರವಾಗಿರಲು, ಸಂಕೋಚವಿಲ್ಲದೆ ವಿನಯದಿಂದ ವಿಚಾರಿಸಲು ಕಲಿಸೋಣ. ಕರುಣಾಮಯನಾದ ಅಲ್ಲಾಹನು ನಮ್ಮ ಮತ್ತು ನಮ್ಮ ಮಕ್ಕಳ ಅನ್ನವನ್ನು ಶುದ್ಧವಾಗಿರಿಸಲಿ, ನಮಗಾಗಿ ಹೊಸ ಬಾಣಲೆ ಕೊಂಡ ಆ ಮನೆಯವರಿಗೆ ಸನ್ಮಾರ್ಗವನ್ನೂ ಸಮೃದ್ಧಿಯನ್ನೂ ಕರುಣಿಸಲಿ. ಆಮೀನ್.