ಅಮ್ಮನ ಯಂತ್ರವೂ ಹಿಂದುಮುಂದಾದ ಎರಡು ಬೈಟುಗಳೂ

ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ, ಅಕ್ಕತಂಗಿಯರಾದ ನಾವಿಬ್ಬರೂ ಬಹಳ ಯೋಚಿಸಿದೆವು. ನಾವು ಅರಿತದ್ದು ಗಣಕಯಂತ್ರಗಳ ಕೆಲಸವೊಂದನ್ನೇ. ಅದರಲ್ಲಿಯೂ ನಾವು ನಾಚಿಕೆಪಟ್ಟ ಸಂಗತಿಯೊಂದನ್ನು ಇಲ್ಲಿ ಅರಿಕೆಮಾಡುವೆವು. ಏಕೆಂದರೆ ಅದು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಸಂಬಂಧಪಟ್ಟದ್ದಾಗಿದೆ.

ನಮ್ಮ ತಾಯಿಯವರು ಇಲ್ಲಿ ಅನೇಕ ವರ್ಷ ಕನ್ನಡ ಕಲಿಸಿದವರು. ನಿವೃತ್ತರಾದ ಮೇಲೆ, 1996ರಲ್ಲಿ, ಯಾವದೋ ಕಚೇರಿಯ ಹರಾಜಿನಲ್ಲಿ ಬಂದ ಒಂದು ಹಳೆಯ 286 ಗಣಕವನ್ನು ಅವರಿಗೆ ಕೊಡಿಸಿದೆವು. ಅದರಲ್ಲಿ ಕನ್ನಡ ಲಿಪಿಯಿರಲಿಲ್ಲ. ಅವರು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡವನ್ನು ಕೂಡಿಸಿಕೊಂಡು, ಪ್ರತಿದಿನ ಸಾಯಂಕಾಲ ಏನನ್ನೋ ಬರೆಯುತ್ತಿದ್ದರು. ಏನೆಂದು ನಾವು ಕೇಳಲಿಲ್ಲ. 2004ರಲ್ಲಿ ಅವರು ತೀರಿಕೊಂಡರು; ಯಂತ್ರವು ಅಟ್ಟವನ್ನೇರಿತು.

2018ರಲ್ಲಿ ಅದನ್ನು ಇಳಿಸಿದಾಗ ಒಳಗಿನ ಬ್ಯಾಟರಿ ಸತ್ತಿತ್ತು. ಪ್ರತಿಸಾರಿಯೂ ಡಿಸ್ಕಿನ ಲಕ್ಷಣವನ್ನು ಯಂತ್ರಕ್ಕೆ ನಾವೇ ಹೇಳಿಕೊಡಬೇಕಾಯಿತು. ಫ್ಲಾಪಿ ಕೆಟ್ಟಿತ್ತು, ಸೀರಿಯಲ್ ಪೋರ್ಟು ಸುಟ್ಟಿತ್ತು, ಡಿಸ್ಕು ಎಂಎಫ್‌ಎಂ ಎಂಬ ಹಳೆಯ ಜಾತಿಯದಾದ್ದರಿಂದ ಈಗಿನ ಯಂತ್ರಗಳಿಗೆ ಜೋಡಿಸುವಂತಿರಲಿಲ್ಲ, ಮತ್ತು ಅದು ನರಳುವ ಸದ್ದು ದಿನದಿನಕ್ಕೆ ಹೆಚ್ಚುತ್ತಿತ್ತು. ಉಳಿದ ದಾರಿ ಒಂದೇ: ಕಚೇರಿಯವರು ತೆಗೆಯದೆ ಬಿಟ್ಟಿದ್ದ ಎನ್‌ಇ2000 ಎಂಬ ಈಥರ್ನೆಟ್ ಕಾರ್ಡು.

ಈಥರ್ನೆಟ್ ಎಂಬದು 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾಲಯದಲ್ಲಿ ಮೆಟ್‌ಕಾಫ್, ಬಾಗ್ಸ್ ಎಂಬವರು ಕಲ್ಪಿಸಿದ ಉಪಾಯವು. ಗಣಕಗಳು ತಂತಿಯ ಮೇಲೆ ಸಣ್ಣ ಸಣ್ಣ ಕಟ್ಟುಗಳಾಗಿ ಮಾತನ್ನು ಕಳುಹಿಸುವವು. ಪ್ರತಿ ಕಟ್ಟಿನ ಮೊದಲಲ್ಲಿ ಪಡೆಯುವವನ ವಿಳಾಸಕ್ಕೆ 6 ಬೈಟು, ಕಳುಹಿಸುವವನ ವಿಳಾಸಕ್ಕೆ 6 ಬೈಟು, ಒಳಗಿರುವದು ಯಾವ ಜಾತಿಯ ಮಾತೆಂದು ತಿಳಿಸಲು 2 ಬೈಟು ಇರುವವು. ಕಟ್ಟು 60 ಬೈಟಿಗಿಂತ ಚಿಕ್ಕದಾಗಕೂಡದು. ಚಿಕ್ಕದಾದರೆ ಸೊನ್ನೆಗಳಿಂದ ತುಂಬಬೇಕು.

ಹೊಸ ಕ್ರಮಲೇಖವನ್ನು ಒಳಕ್ಕೆ ತರುವ ಬಾಗಿಲೇ ಇಲ್ಲದ್ದರಿಂದ, ಡಾಸ್‌ನೊಡನೆ ಬಂದಿದ್ದ ಡೀಬಗ್ ಎಂಬ ಸಾಧನದಿಂದ ಯಂತ್ರದ ಸ್ವಂತ ಭಾಷೆಯಲ್ಲಿಯೇ ಒಂದೊಂದು ಸಾಲನ್ನು ಬೆರಳಚ್ಚಿಸಿದೆವು. ಅಲ್ಲಿ ಯಾವ ಸ್ಥಳಕ್ಕೂ ಹೆಸರಿಲ್ಲ. ಎಲ್ಲವನ್ನೂ ಹದಿನಾರರ ಎಣಿಕೆಯಲ್ಲಿ ಕೈಯಾರೆ ಲೆಕ್ಕಹಾಕಬೇಕು. ಕಾರ್ಡು 300 ಎಂಬ ಪೋರ್ಟಿನಲ್ಲಿ ಕುಳಿತಿತ್ತು. ಅದರ 16 ಕಿಲೋಬೈಟುಗಳ ನೆನಪು 256 ಬೈಟಿನ ಪುಟಗಳಾಗಿ ಹಂಚಿರುವದು. ಕಟ್ಟನ್ನು ಅಲ್ಲಿ ತುಂಬಿ, ಕಳುಹಿಸೆಂದು ಒಂದು ಅಂಕೆಯನ್ನು ಬರೆದರೆ ಸಾಕು. ಅಮ್ಮನ ಬರಹಕ್ಕೆ ಅಪಾಯವಾದೀತೆಂಬ ಭಯದಿಂದ ನಾವು ಡಿಸ್ಕಿನ ಮೇಲೆ ಏನನ್ನೂ ಬರೆಯಲಿಲ್ಲ. ಆದಕಾರಣ ವಿದ್ಯುಚ್ಛಕ್ತಿ ಹೋದಾಗಲೆಲ್ಲ ಮೊದಲಿನಿಂದ ಬೆರಳಚ್ಚು!

ಮೊದಲ ಪರೀಕ್ಷೆಗೆ ಎಆರ್‌ಪಿ ಎಂಬ ಪ್ರಶ್ನೆಯನ್ನು ಆರಿಸಿಕೊಂಡೆವು. 1982ರಲ್ಲಿ ನಿಶ್ಚಯಿಸಲ್ಪಟ್ಟ ಈ ಪದ್ಧತಿಯಂತೆ ಒಂದು ಯಂತ್ರವು "ಈ ವಿಳಾಸ ಯಾರದು?" ಎಂದು ಎಲ್ಲರನ್ನೂ ಕೂಗಿ ಕೇಳುವದು, ಆ ವಿಳಾಸದವನು "ನನ್ನದು" ಎನ್ನುವನು. ಪಕ್ಕದ ಹೊಸ ಗಣಕವು ಉತ್ತರಿಸಬೇಕಿತ್ತು. ಉತ್ತರ ಬರಲಿಲ್ಲ. ಬರುವ ಕಟ್ಟುಗಳನ್ನು ತೋರಿಸುವ ಲೇಖವನ್ನು ಹೊಸ ಗಣಕದಲ್ಲಿ ತೆರೆದಿಟ್ಟೆವು. ಅಲ್ಲಿಯೂ ನಮ್ಮ ಕಟ್ಟು ಕಾಣಲಿಲ್ಲ. ಮೂರು ರಾತ್ರಿ ತಂತಿಯನ್ನು ಬೈದೆವು, ಕಾರ್ಡನ್ನು ಬೈದೆವು. ಕೊನೆಗೆ ಒಬ್ಬರನ್ನೊಬ್ಬರು ಬೈದುಕೊಂಡೆವು.

ನಾಲ್ಕನೆಯ ರಾತ್ರಿ ಒಂದು ಸಂಗತಿ ಹೊಳೆಯಿತು. ಎಆರ್‌ಪಿ ಜಾತಿಯ ಕಟ್ಟುಗಳನ್ನು ಮಾತ್ರ ತೋರಿಸೆಂದು ಆ ಲೇಖಕ್ಕೆ ನಾವೇ ಅಪ್ಪಣೆಮಾಡಿದ್ದೆವು. ಆ ಜರಡಿಯನ್ನು ತೆಗೆದೊಡನೆ ಅಮ್ಮನ ಯಂತ್ರದ ಕಟ್ಟುಗಳು ಸಾಲುಸಾಲಾಗಿ ಕಾಣಿಸಿದವು. ಅವು ಮೊದಲ ರಾತ್ರಿಯಿಂದಲೂ ಬರುತ್ತಲೇ ಇದ್ದಿರಬೇಕು! ಜಾತಿಯನ್ನು ತಿಳಿಸುವ ಎರಡು ಬೈಟುಗಳು ಮಾತ್ರ 08 06 ಎಂದಿರುವ ಬದಲು 06 08 ಎಂದಿದ್ದವು. ಇಂಟೆಲ್ ಯಂತ್ರವು ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಇಡುವದು. ತಂತಿಯ ನಿಯಮವೋ ಹಿರಿಯ ಬೈಟು ಮೊದಲೆಂಬದು. 1980ರಲ್ಲಿ ಡ್ಯಾನಿ ಕೋಹೆನ್ ಎಂಬವರು ಈ ಜಗಳಕ್ಕೆ ಗಲಿವರನ ಕಥೆಯ ಮೊಟ್ಟೆಯ ಜಗಳದ ಹೆಸರನ್ನೇ ಇಟ್ಟರು. ಆದರೆ ನಮಗೆ ನೆನಪಾದದ್ದು ಅಮ್ಮನ ಪಾಠ. ಹಳೆಯ ಗ್ರಂಥಗಳಲ್ಲಿ ಶಕವರ್ಷವನ್ನು ಪದಗಳಿಂದ ಹೇಳುವಾಗ ಬಿಡಿಸ್ಥಾನವೇ ಮೊದಲು ಬರುವದೆಂದೂ, ಅದನ್ನರಿಯದೆ ಓದಿದರೆ ಕವಿಯ ಕಾಲವೇ ತಪ್ಪುವದೆಂದೂ ಅವರು ಕರಿಹಲಗೆಯ ಮೇಲೆ ಎಷ್ಟು ಸಾರಿ ಬರೆದು ತೋರಿಸಿದ್ದರು!

ಎರಡು ಬೈಟುಗಳನ್ನು ಅದಲುಬದಲು ಮಾಡಿದೆವು. ಮರುಕ್ಷಣವೇ "ನನ್ನದು" ಎಂಬ ಉತ್ತರ ಬಂದಿತು. ಆ ಮೇಲೆ ಕಡತವನ್ನು 1024 ಬೈಟುಗಳ ತುಂಡುಗಳಾಗಿಸಿ, ಕ್ರಮಸಂಖ್ಯೆ ಹಾಕಿ, ಒಂದು ತಲಪಿತೆಂಬ ಮರುಮಾತು ಬಂದ ಮೇಲೆಯೇ ಇನ್ನೊಂದನ್ನು ಕಳುಹಿಸಿದೆವು. ಬೆಳಗಾಗುವಷ್ಟರಲ್ಲಿ ಎಲ್ಲವೂ ಈಚೆ ಬಂದಿತ್ತು. ಮುಂದಿನ ವಾರ ಡಿಸ್ಕು ನಿಂತೇಹೋಯಿತು.

ಅಮ್ಮ ಬರೆದಿಟ್ಟದ್ದು ತಾವು ಕಲಿಸಿದ ಹುಡುಗಿಯರ ಪಟ್ಟಿ. ಪ್ರತಿಯೊಬ್ಬಳ ಹೆಸರಿನ ಮುಂದೆ ಒಂದೆರಡು ಮಾತು: ಒಬ್ಬಳ ಅಕ್ಷರ ದುಂಡಗೆ, ಒಬ್ಬಳು ಹಸಿದು ಬರುತ್ತಿದ್ದಳು, ಮತ್ತೊಬ್ಬಳು ಮೂಕಿಯಂತೆ ಕುಳಿತರೂ ಎಲ್ಲವನ್ನೂ ಬಲ್ಲಳು. ನಮ್ಮ ಹೆಸರುಗಳನ್ನು ಹುಡುಕಿದೆವು. "ಇಬ್ಬರೂ ಅವಸರದವರು. ಪ್ರಶ್ನೆಯನ್ನು ಪೂರ್ತಿ ಕೇಳುವದಿಲ್ಲ" ಎಂದಿತ್ತು. ಸಾಯಂಕಾಲ ಅವರು ಬರೆಯುತ್ತಿದ್ದಾಗ ಏನೆಂದು ಒಂದು ದಿನವೂ ಕೇಳದ ನಮಗೆ ಇದಕ್ಕೆ ಹೇಳುವ ಉತ್ತರವಿರಲಿಲ್ಲ.

ಅವರ ತರಗತಿಯಲ್ಲಿ ಓದಿದ ಸೋದರಿಯರು ತಮ್ಮ ಹೆಸರಿನ ಮುಂದೆ ಏನಿದೆಯೆಂದು ತಿಳಿಯಬಯಸಿದರೆ ಶಾಲೆಯ ಮೂಲಕ ನಮಗೆ ಬರೆಯಲಿ. ಅವರ ಕಾಗದವನ್ನು ಕೊನೆಯವರೆಗೆ ಓದಿ, ನಿಧಾನವಾಗಿ ಉತ್ತರಿಸುವೆವು.