ಆಸನಾಭ್ಯಾಸವೂ ಶ್ರಮಸಹಿಷ್ಣುತೆಯೂ

ಯೋಗಾಭ್ಯಾಸವು ಶರೀರಕ್ಕೆ ಹಿತಕರವೆಂಬುದರಲ್ಲಿ ವಾಚಕ ಮಹಾಶಯರಿಗೆ ಸಂದೇಹವಿರಲಾರದು. ಆದರೆ ಬಹುಕಾಲ ಅಭ್ಯಾಸ ಮಾಡಿದವನ ದೇಹವು ದುಡಿಮೆಯ ಸಮಯದಲ್ಲಿ ಹೇಗೆ ನಡೆದುಕೊಳ್ಳುವುದೆಂದು ವಿಚಾರಿಸುವವರು ವಿರಳ. ಅಧ್ಯಾಪಕವೃತ್ತಿಯಿಂದ ನಿವೃತ್ತರಾಗಿ ಇಟ್ಟಿಗಿಯಲ್ಲಿ ನೆಲಸಿರುವ ನಾವು ಸುಮಾರು 30 ವರ್ಷಗಳಿಂದ ಪ್ರಾತಃಕಾಲದಲ್ಲಿ ಆಸನ ಪ್ರಾಣಾಯಾಮಗಳನ್ನು ನಡೆಸಿಕೊಂಡು ಬಂದಿರುವೆವು. "ಆಸನ ಹಾಕುವವರಿಗೆ ನಡಿಗೆಯೇತಕ್ಕೆ?" ಎಂದು ಸಮವಯಸ್ಕರು ನಮ್ಮನ್ನು ಕೇಳುವುದುಂಟು. ಅವರು ಬಯಸುವ ಉತ್ತರವನ್ನು ಕೊಡಲು ನಮಗೆ ಮನಸ್ಸೊಪ್ಪದು.

ಅಭ್ಯಾಸದಿಂದ ದೊರೆತ ಲಾಭವನ್ನು ಮರೆಮಾಚಲಾಗದು. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತುಂಡು, ಕೈಯೂರದೆ ಮೇಲೇಳಬಲ್ಲೆವು. ಸುಗ್ಗಿಯಲ್ಲಿ ಜೋಳದ ಸೂಡುಗಳನ್ನು ಬಂಡಿಗೆ ಎತ್ತಿಕೊಡುವಾಗ ನಮಗೂ ಏದುಸಿರು ಬರುವುದು; ಆದರೆ ನಿಧಾನವಾಗಿ ಮೂಗಿನಿಂದ ಉಸಿರಾಡುವ ರೂಢಿಯಿಂದಲೋ ಏನೋ, ಅದು ಬೇಗನೆ ಇಳಿಯುವುದು. ದೀರ್ಘಕಾಲ ಅಭ್ಯಸಿಸಿದವರಲ್ಲಿ ವಿಶ್ರಾಂತಿಕಾಲದ ನಾಡಿಯೂ ಉಸಿರೂ ಮಂದವಾಗಿರುವುದನ್ನು ಶರೀರಶಾಸ್ತ್ರಜ್ಞರು ಅನೇಕ ಪರೀಕ್ಷೆಗಳಲ್ಲಿ ಕಂಡಿದ್ದಾರೆ.

ಇಷ್ಟಾದರೂ, ನಮ್ಮೊಡನೆ ಸೂಡು ಎತ್ತುವ ಕೂಲಿಯ ಹೆಂಗಸು, ಪದ್ಮಾಸನದ ಹೆಸರನ್ನೂ ಕೇಳದವಳು, ನಾವು ಎರಡು ಸಲ ದಣಿವಾರಿಸಿಕೊಳ್ಳುವುದರೊಳಗೆ ಬಂಡಿಯನ್ನು ತುಂಬಿಬಿಡುವಳು. ಕಾರಣವು ಗೂಢವಾದುದೇನೂ ಅಲ್ಲ. ಹೃದಯವೂ ಮಾಂಸಖಂಡಗಳೂ ತಮ್ಮಿಂದ ಎಷ್ಟು ಕೆಲಸವನ್ನು ಬೇಡುವೆವೋ ಅದಕ್ಕೆ ತಕ್ಕಂತೆ ಬಲಿಯುವುವು. ಕುಳಿತು ಮಾಡುವ ಬಹುತೇಕ ಆಸನಗಳಲ್ಲಿ ವ್ಯಯವಾಗುವ ಶಕ್ತಿಯು ಮೆಲ್ಲನೆ ನಡೆಯುವಾಗಿನದಕ್ಕಿಂತ ಹೆಚ್ಚಲ್ಲ. ಬಿರುಸಾದ ಸೂರ್ಯನಮಸ್ಕಾರದ ಮಾತು ಬೇರೆ. ಪತಂಜಲಿ ಮಹರ್ಷಿಗಳಾದರೂ ಆಸನಕ್ಕೆ ಸ್ಥಿರತೆಯನ್ನೂ ಸುಖವನ್ನೂ ಲಕ್ಷಣವಾಗಿ ಹೇಳಿದರೇ ಹೊರತು ಬೆವರನ್ನಲ್ಲ!

ಇಲ್ಲಿ ಕೆಲವರು ಮೈಸೂರಿನ ದೃಷ್ಟಾಂತವನ್ನು ಮುಂದಿಡುವರು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸುತ್ತಿದ್ದರು. ಬಾಲ್ಯದಲ್ಲಿ ರೋಗಗಳಿಂದ ಕೃಶರಾಗಿದ್ದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು ಅವರಲ್ಲಿ ಕಲಿತು, ಜಗದ್ವಿಖ್ಯಾತರಾಗಿ, 2014ರಲ್ಲಿ 95ನೆಯ ವಯಸ್ಸಿನಲ್ಲಿ ದಿವಂಗತರಾದರು. ಇದು ನಿಜವೇ. ಆದರೆ ನೆಗೆದು, ಬಾಗಿ, ಕೈಗಳ ಮೇಲೆ ಮೈಯನ್ನೆತ್ತಿ ಮಾಡುವ ಅಲ್ಲಿನ ಸಾಧನೆಯೆಲ್ಲಿ, ಜಮಖಾನದ ಮೇಲೆ ನಾವು ಕಳೆಯುವ ಅರ್ಧಗಂಟೆಯೆಲ್ಲಿ?

ಈ ಭೇದವನ್ನು ಅರಿಯದಿದ್ದರೆ ಕೇಡು ತಪ್ಪದು. ನಮ್ಮ ನೆರೆಯ ಗೃಹಸ್ಥರೊಬ್ಬರು ರಕ್ತದೊತ್ತಡದ ಗುಳಿಗೆಗಳನ್ನು ಬದಿಗಿಟ್ಟು ಶೀರ್ಷಾಸನಕ್ಕೆ ತೊಡಗಿದ್ದರು. ಒತ್ತಡವು ಹತೋಟಿಯಲ್ಲಿಲ್ಲದವರಿಗೆ ತಲೆಕೆಳಗಾಗಿ ನಿಲ್ಲುವುದು ಅಪಾಯಕರವೆಂದು ಹೇಳಿ, ಅವರನ್ನು ಬಲವಂತವಾಗಿ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಗುಳಿಗೆಗಳು ಮರಳಿ ಬಂದುವು. ಆಸನಗಳಲ್ಲಿ ಸುಲಭವಾದುವು ಉಳಿದುವು. ನಡಿಗೆಯು ಹೊಸದಾಗಿ ಸೇರಿತು. ವಾರಕ್ಕೆ ಕಡಿಮೆಯೆಂದರೆ 150 ನಿಮಿಷಗಳ ಮಧ್ಯಮ ಶ್ರಮವು ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿರುವುದು. ಮಾತನಾಡಲು ಉಸಿರಿರಬೇಕು, ಹಾಡಲು ಸಾಲದಂತಿರಬೇಕು. ಇದೇ ಮಧ್ಯಮ ಶ್ರಮದ ಅಳತೆ. ನಮ್ಮ ನೆರೆಯವರಿಗೆ ಹೊಲದ ಹಾದಿಯಲ್ಲಿ ವಚನಗಳನ್ನು ಹಾಡುವ ಚಾಳಿ. ಹಾಡು ಸರಾಗವಾಗಿ ಸಾಗಿತೆಂದರೆ ನಾವು ಹೆಜ್ಜೆಯನ್ನು ಚುರುಕುಗೊಳಿಸುವೆವು.